ಪಕ್ಕದಿಂದ ಬಂದ ಬೈಕು

ನಮ್ಮೂರಿನಲ್ಲಿ ಶಾಲೆ ರಸ್ತೆಯ ಆ ಕಡೆ, ಮನೆಗಳೆಲ್ಲ ಈ ಕಡೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಆ ರಸ್ತೆ ದಾಟುವುದೆಂದರೆ ದೊಡ್ಡವರಿಗೂ ಎದೆ ಡವಡವ ಅನ್ನುತ್ತದೆ. ಲಾರಿಯೂ ನಿಲ್ಲುವುದಿಲ್ಲ, ಬಸ್ಸೂ ನಿಲ್ಲುವುದಿಲ್ಲ. ಒಬ್ಬರು ಕೈ ಎತ್ತಿದರೆ ಮಾತ್ರ ಎಲ್ಲ ನಿಲ್ಲುತ್ತಿದ್ದವು. ಅವರೇ ನಮ್ಮ ಗಡಿಯಾರದಣ್ಣ.

ಅವರದು ಗಡಿಯಾರ ರಿಪೇರಿಯ ಅಂಗಡಿ. ಇಬ್ಬರು ಒಟ್ಟಿಗೆ ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಹತ್ತೊಂಬತ್ತು ವರ್ಷ, ದಿನಾ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಅಂಗಡಿ ಬಿಟ್ಟು ಬಂದು ಮಕ್ಕಳನ್ನು ರಸ್ತೆ ದಾಟಿಸಿದರು. ಹಾಗೆ ಮಾಡಿ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಅವರ ಕೈ ಹಿಡಿದು ದಾಟಿದ ಮಕ್ಕಳು ಈಗ ತಮ್ಮ ಮಕ್ಕಳನ್ನು ಅದೇ ಕೈಗೆ ಒಪ್ಪಿಸಿ ಕೆಲಸಕ್ಕೆ ಹೋಗುತ್ತಿದ್ದರು.

ನಾನು ಅವರ ಪಕ್ಕದ ಮನೆಯವಳು, ಆರೋಗ್ಯ ಕೇಂದ್ರದಲ್ಲಿ ನರ್ಸು. ಈ ಕಥೆ ಹೇಳು ಎಂದವರು ಅವರೇ. "ನನ್ನ ಮರ್ಯಾದೆ ನೋಡಬೇಡಮ್ಮ, ನಡೆದದ್ದು ನಡೆದ ಹಾಗೆ ಹೇಳು" ಅಂದರು.

ಮೂರು ವರ್ಷದ ಹಿಂದೆಯೇ ನನಗೆ ಅನುಮಾನ ಬಂದಿತ್ತು. ಅಣ್ಣ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದರು. ಪಕ್ಕದಲ್ಲಿಟ್ಟ ಚಹಾದ ಲೋಟ ಕೈ ತಗುಲಿ ಉರುಳುತ್ತಿತ್ತು. ಪಕ್ಕದಲ್ಲಿ ನಡೆದು ಬಂದವರು ನಕ್ಕರೂ ಇವರು ನಗುತ್ತಿರಲಿಲ್ಲ. "ಗಡಿಯಾರದಣ್ಣನಿಗೆ ಈಗೀಗ ದೊಡ್ಡಸ್ತಿಕೆ" ಎಂದು ಕೆಲವರು ಆಡಿಕೊಂಡರು.

ಒಂದು ದಿನ ಅಂಗಡಿಗೆ ಹೋಗಿ ಹೇಳಿದೆ. "ಅಣ್ಣ, ಒಂದ್ಸಲ ಕಣ್ಣು ತೋರಿಸ್ಕೊಂಡು ಬನ್ನಿ. ನಲವತ್ತು ದಾಟಿದವರು ಆಗಾಗ ತೋರಿಸ್ಕೋಬೇಕು."

ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ಕೈಗಡಿಯಾರ ಬಿಚ್ಚಿದ್ದರು. ಚಿಮಟದ ತುದಿಯಲ್ಲಿ ಏನನ್ನೋ ಎತ್ತಿ ಹಿಡಿದರು.

"ಇದೇನು ಹೇಳು?"

"ನಂಗೇನೂ ಕಾಣಿಸ್ತಿಲ್ಲ, ಅಣ್ಣ."

"ತಿರುಪು. ಅದರ ತಲೆ ಮೇಲಿನ ಗೀರೂ ನಂಗೆ ಕಾಣಿಸ್ತಿದೆ. ಈಗ ಹೇಳು, ಕಣ್ಣು ತೋರಿಸ್ಕೋಬೇಕಾದವರು ಯಾರು?"

ಅಣ್ಣನ ಹೆಂಡತಿ, ನಮ್ಮ ಅತ್ತಿಗೆ, ಊಟದ ಡಬ್ಬಿ ಹಿಡಿದು ನಿಂತಿದ್ದರು, ಅವರೂ ನಕ್ಕರು. ನಾನೂ ನಕ್ಕು ಮನೆಗೆ ಬಂದೆ. ಹಾಗೆ ನಕ್ಕು ಸುಮ್ಮನಾದದ್ದಕ್ಕೆ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಲ್ಲ.

ಆ ವರ್ಷ ಶಾಲೆಯಲ್ಲಿ ಉಚಿತ ಕಣ್ಣಿನ ತಪಾಸಣೆ ನಡೆಯಿತು. ಬೆಂಚು ಹೊತ್ತವರು ಅಣ್ಣ. ಮುದುಕರನ್ನು ಕೈಹಿಡಿದು ಕರೆತಂದವರೂ ಅಣ್ಣನೇ. ಸಂಜೆ ಡಾಕ್ಟರು ಪೆಟ್ಟಿಗೆ ಕಟ್ಟುವಾಗ ನಾನು ಮತ್ತೆ ಕರೆದೆ. "ಇನ್ನೂ ಇಬ್ಬರು ಅಜ್ಜಿಯರು ಉಳಿದಿದ್ದಾರೆ, ಅವರನ್ನ ನೋಡ್ಲಿ ಬಿಡಮ್ಮ" ಎಂದು ತಪ್ಪಿಸಿಕೊಂಡರು.

ಕಳೆದ ವರ್ಷ ಒಂದು ಮಂಗಳವಾರ. ಅಣ್ಣ ಕೈ ಎತ್ತಿದರು, ಬಸ್ಸು ನಿಂತಿತು. ಅವರು ನೆಟ್ಟಗೆ ನೋಡಿದರು, ರಸ್ತೆ ಖಾಲಿ. "ಬನ್ನಿ, ಬನ್ನಿ" ಎಂದು ಮಕ್ಕಳನ್ನು ಕರೆದರು. ಅಷ್ಟರಲ್ಲಿ ಬಸ್ಸಿನ ಮಗ್ಗುಲಿಂದ ಒಂದು ಬೈಕು ನುಗ್ಗಿತು. ಈ ಕಡೆ ನಿಂತಿದ್ದ ತಾಯಂದಿರಿಗೆಲ್ಲ ಕಾಣಿಸಿತು, ಎಲ್ಲರೂ ಕಿರುಚಿದರು. ಅಣ್ಣನಿಗೆ ಮಾತ್ರ ಕಾಣಿಸಲಿಲ್ಲ. ಮುಂದಿದ್ದದ್ದು ಏಳು ವರ್ಷದ ಹುಡುಗಿ. ಅವಳ ಕಾಲು ಎರಡು ಕಡೆ ಮುರಿಯಿತು.

"ನಾನು ನೋಡಿದ್ದೆ. ರಸ್ತೆ ಖಾಲಿ ಇತ್ತು" ಎಂದು ಅಣ್ಣ ಹೇಳುತ್ತಲೇ ಇದ್ದರು. ಯಾರೂ ನಂಬಲಿಲ್ಲ. ಫೋನು ನೋಡುತ್ತಿದ್ದರಂತೆ, ಯಾರ ಜೊತೆಗೋ ಮಾತಾಡುತ್ತಿದ್ದರಂತೆ ಎಂದೆಲ್ಲ ಸುದ್ದಿ ಹಬ್ಬಿತು. ಹತ್ತೊಂಬತ್ತು ವರ್ಷದ ಹೆಸರು ಮಧ್ಯಾಹ್ನದೊಳಗೆ ಹೋಯಿತು.

ಮಾರನೆಯ ದಿನ ನಾನು ಬರುತ್ತೀರಾ ಎಂದು ಕೇಳಲಿಲ್ಲ, ಅಣ್ಣನ ಕೈಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಒಂದು ಯಂತ್ರದ ಮುಂದೆ ಗಲ್ಲ ಊರಿಸಿ ಕೂರಿಸಿದರು. ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಅಣ್ಣ ಮೊದಲು ನಾಲ್ಕೈದು ಸಲ ಒತ್ತಿದರು. ಆಮೇಲೆ ಕೈ ಸುಮ್ಮನಾಯಿತು. ಸ್ವಲ್ಪ ಹೊತ್ತು ಕಾದು, "ತಂಗಿ, ಮಷೀನು ನಿಂತುಹೋಗಿದೆ ಅನ್ಸುತ್ತೆ, ನೋಡು" ಅಂದರು.

ಪರೀಕ್ಷೆ ಮಾಡುತ್ತಿದ್ದ ಹುಡುಗಿ ನನ್ನ ಮುಖ ನೋಡಿದಳು. ಮಷೀನು ನಿಂತಿರಲಿಲ್ಲ. ಚುಕ್ಕಿಗಳು ಒಂದರ ಹಿಂದೆ ಒಂದು ಬರುತ್ತಲೇ ಇದ್ದವು.

ಡಾಕ್ಟರು ವಿವರಿಸಿದರು. "ಇದಕ್ಕೆ ಗ್ಲಾಕೋಮಾ ಅಂತಾರೆ. ಕಣ್ಣೊಳಗೆ ಒತ್ತಡ ಹೆಚ್ಚಾಗಿ ನರ ಸಾಯ್ತಾ ಬರುತ್ತೆ. ನಿಮಗೆ ಬಂದಿರೋ ಥರದ್ದರಲ್ಲಿ ನೋವಿರಲ್ಲ, ಕೆಂಪಾಗಲ್ಲ. ಮೊದಲು ಪಕ್ಕದ ನೋಟ ಹೋಗುತ್ತೆ, ನಡುವಿನ ನೋಟ ಕೊನೇವರೆಗೂ ಚೆನ್ನಾಗಿರುತ್ತೆ. ಅದಕ್ಕೇ ನಿಮಗೆ ಗೊತ್ತಾಗಿಲ್ಲ."

"ಹೋಗಿರೋದು ವಾಪಸ್ ಬರುತ್ತಾ ಡಾಕ್ಟ್ರೇ?"

"ಇಲ್ಲ. ಉಳಿದಿರೋದನ್ನ ಕಾಪಾಡೋಕೆ ನೋಡೋಣ. ದಿನಾ ತಪ್ಪದೆ ಔಷಧಿ ಹನಿ ಹಾಕ್ಕೋಬೇಕು."

ಅಣ್ಣ ಅಲ್ಲಿಂದ ಮನೆಗೆ ಹೋಗಲಿಲ್ಲ. ಕಾಲು ಮುರಿದ ಆ ಹುಡುಗಿಯ ಮನೆಗೆ ಹೋಗಿ ಅವಳ ತಾಯಿಯ ಮುಂದೆ ನಿಂತರು. "ಅಮ್ಮಾ, ನನ್ನ ಕಣ್ಣು ಹೋಗಿತ್ತು. ನಂಗೆ ಗೊತ್ತಿರಲಿಲ್ಲ. ಗೊತ್ತು ಮಾಡ್ಕೊಳ್ಳಿ ಅಂತ ಹೇಳಿದವರ ಮಾತೂ ಕೇಳಲಿಲ್ಲ."

ಆಕೆ ಒಳಗಿನ ಕೋಣೆಯ ಕಡೆ ನೋಡಿದಳು. "ಸಿಟ್ಟಿಲ್ಲ ಅಂದ್ರೆ ಸುಳ್ಳಾಗುತ್ತೆ ಅಣ್ಣ" ಅಂದಳು. ಆದರೂ ಕುರ್ಚಿ ತಂದು ಹಾಕಿದಳು. ಒಳಗೆ ಮಗು ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿತ್ತು. ಅಣ್ಣ ಕೂರಲಿಲ್ಲ.

ಗ್ಲಾಕೋಮಾ ಒಬ್ಬರಿಗೆ ಬಂದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಬರುವ ಸಾಧ್ಯತೆ ಹೆಚ್ಚು. ಅಣ್ಣನ ತಮ್ಮ ಲಾರಿ ಓಡಿಸುತ್ತಾನೆ. ಅವನು ನೋಡಲು ಬಂದಾಗ ನಾನು ಮಾತು ತೆಗೆದೆ.

"ನಂಗೇನಾಗಿದೆ ಅಕ್ಕ? ಲೈಸೆನ್ಸಿಗೆ ಗೋಡೆ ಮೇಲಿನ ಅಕ್ಷರ ಎಲ್ಲ ಪಟಪಟ ಓದಿದ್ದೀನಿ."

"ಅಕ್ಷರ ಓದೋದು ನಡುವಿನ ನೋಟ ಕಣಪ್ಪ. ಕಣ್ಣಿನ ಒತ್ತಡ, ನರ, ಪಕ್ಕದ ನೋಟ, ಇವಕ್ಕೆ ಬೇರೆ ಪರೀಕ್ಷೆ ಇದೆ."

"ಲೋಡು ಕಾಯ್ತಾ ಇದೆ. ಮುಂದಿನ ತಿಂಗಳು ನೋಡೋಣ."

ಅಣ್ಣ ತಲೆ ತಿರುಗಿಸಿ ಅವನನ್ನು ಹುಡುಕಿ ನೋಡಿದರು. "ನಾನೂ ಹೀಗೇ ಅಂದಿದ್ದೆ ಕಣೋ. ಆ ಮಗು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಅನ್ನ ಬಾಯಿಗಿಟ್ಟಾಗ ಕೇಳುತ್ತೆ. ನಿನಗದು ಬೇಡ. ಪರೀಕ್ಷೆ ಆಗೋವರೆಗೂ ಲಾರಿ ಹತ್ತಬೇಡ, ನಿಂಗೆ ಕೈ ಮುಗೀತೀನಿ."

ಅಣ್ಣ ತಮ್ಮನ ಮುಂದೆ ಕೈ ಮುಗಿದದ್ದನ್ನು ನಾವು ಯಾರೂ ಅದುವರೆಗೆ ನೋಡಿರಲಿಲ್ಲ. ತಮ್ಮ ಆಸ್ಪತ್ರೆಗೆ ಹೋಗಲು ಚಪ್ಪಲಿ ಮೆಟ್ಟಿಕೊಂಡ. ಅತ್ತಿಗೆಯೂ ಅಣ್ಣನ ಮಗಳೂ ಅವನ ಜೊತೆಗೇ ಹೊರಟರು.

ತಮ್ಮನ ಕಣ್ಣಿನಲ್ಲೂ ಒತ್ತಡ ಹೆಚ್ಚಿತ್ತು. ನೋಟ ಇನ್ನೂ ಹೋಗಿರಲಿಲ್ಲ. ಈಗ ದಿನಾ ಹನಿ ಹಾಕಿಕೊಳ್ಳುತ್ತಾನೆ, ಡಾಕ್ಟರು ಹೇಳಿದ ದಿನ ತಪ್ಪದೆ ಹೋಗುತ್ತಾನೆ. ಅತ್ತಿಗೆಗೂ ಮಗಳಿಗೂ ಏನೂ ಇಲ್ಲ. ಮಗಳು ಮಾತ್ರ ವರ್ಷಕ್ಕೊಮ್ಮೆ ತೋರಿಸಿಕೊಳ್ಳಬೇಕು.

ಆ ಹುಡುಗಿ ಈಗ ಶಾಲೆಗೆ ಬರುತ್ತಾಳೆ, ಸ್ವಲ್ಪ ಕುಂಟುತ್ತಾಳೆ. ತಾಯಂದಿರು ಸರದಿಯ ಮೇಲೆ ರಸ್ತೆಯಲ್ಲಿ ನಿಲ್ಲುತ್ತಾರೆ. ಅಣ್ಣ ಆ ಕಡೆಗೆ ಹೋಗುವುದಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮಗೆ ನಲವತ್ತು ದಾಟಿದ್ದರೆ, ಅಥವಾ ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ, ಹತ್ತಿರದ ಕಣ್ಣಿನ ಡಾಕ್ಟರ ಬಳಿ ಹೋಗಿ. "ಕಣ್ಣಿನ ಒತ್ತಡವನ್ನೂ ನರವನ್ನೂ ನೋಡಿ" ಎಂದು ಬಾಯಿಬಿಟ್ಟು ಕೇಳಿ. ಹನಿ ಕೊಟ್ಟರೆ ನಡುವೆ ನಿಲ್ಲಿಸಬೇಡಿ. ಕಣ್ಣು ಮಂಜಾಗಲಿ, ಆಮೇಲೆ ನೋಡೋಣ ಎಂದು ಕಾಯಬೇಡಿ. ಎಲ್ಲ ಚೆನ್ನಾಗಿ ಕಾಣುತ್ತಿರುವಾಗಲೇ ಹೋಗಿ.