ಇದು ಮಳೆನೀರು

ಕನ್ನಡಕದ ಅಂಗಡಿಯವರಿಗೆ ಬೀದಿಯ ಜನ ಟ್ಯಾಂಕಣ್ಣ ಎಂದು ಹೆಸರಿಟ್ಟಿದ್ದರು. ಮನೆಯ ಪಕ್ಕ ಆಳೆತ್ತರದ ಹಸಿರು ಟ್ಯಾಂಕು ಕೂರಿಸಿ, ಚಾವಣಿಯ ಮಳೆನೀರೆಲ್ಲ ಅದಕ್ಕೇ ಬೀಳುವಂತೆ ಪೈಪು ಜೋಡಿಸಿದ ದಿನದಿಂದ ಅವರ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ಕಣ್ಣು ತೋರಿಸಲು ಹೋದವರು ಅಕ್ಷರ ಓದುವ ಮೊದಲು ಟ್ಯಾಂಕಿನ ಪುರಾಣ ಕೇಳಬೇಕಿತ್ತು.

ಈ ವರ್ಷ ಮಳೆ ಕೈಕೊಟ್ಟಿತು. ನಲ್ಲಿ ನೀರು ದಿನ ಬಿಟ್ಟು ದಿನ, ಅದೂ ಬೆಳಗಿನ ಹೊತ್ತು ಮಾತ್ರ. ಅದನ್ನು ಗಿಡಕ್ಕೆ ಹಾಕಿದರೆ ದಂಡ. ಮಳೆನೀರು ಹಾಕುವವರು ಗೇಟಿಗೆ ಬೋರ್ಡು ತಗುಲಿಸಬೇಕಿತ್ತು. ಟ್ಯಾಂಕಣ್ಣ ‘ಇದು ಮಳೆನೀರು’ ಎಂದು ಕನ್ನಡಕವಿಲ್ಲದವರಿಗೂ ಕಾಣುವಷ್ಟು ದಪ್ಪಕ್ಷರದಲ್ಲಿ ಬರೆಸಿದರು. ಸಾಲದ್ದಕ್ಕೆ ಬೀದಿಯವರ ಸಭೆಯಲ್ಲಿ ಎದ್ದು ನಿಂತು, “ನನ್ನ ಟ್ಯಾಂಕು ಮುಂದಿನ ಮಳೆವರೆಗೂ ಬರುತ್ತೆ. ನಿಮ್ಮ ಹಾಗೆ ನಾನು ಬಾಯಿ ಬಾಯಿ ಬಿಡಲ್ಲ” ಎಂದುಬಿಟ್ಟರು.

ಬರಲಿಲ್ಲ. ತಳ ಕಂಡ ದಿನ ಬೋರ್ಡು ಇಳಿಸಿದ್ದರೆ ಬೀದಿ ನಾಲ್ಕು ದಿನ ನಕ್ಕು ಸುಮ್ಮನಾಗುತ್ತಿತ್ತು. ಈ ಮಹಾನುಭಾವರಿಗೆ ಆ ನಗುವೇ ಬೇಡವಾಗಿತ್ತು. ನಲ್ಲಿ ಬಂದ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ಪೈಪು ಎಳೆದು ಟ್ಯಾಂಕಿಗೆ ಬಿಟ್ಟರು.

“ನಾಚಿಕೆ ಆಗಲ್ವಾ ನಿಮಗೆ?” ಎಂದಳು ಹೆಂಡತಿ.

“ಗಿಡಕ್ಕೆ ತಾನೆ” ಎಂದರು. ಆದರೂ ಅವಳ ಮುಖ ನೋಡಲಿಲ್ಲ.

ಅದೇ ದಿನ ಪಕ್ಕದ ಮನೆಯ ಬಸ್ ಡ್ರೈವರ್ ಬಕೆಟ್ ಹಿಡಿದು ಬಂದ. ಅವನ ಮನೆಯಲ್ಲಿ ಗಾಜಿನ ತೊಟ್ಟಿ ತುಂಬ ಮೀನು. ಡ್ಯೂಟಿ ಮುಗಿಸಿ ಅವುಗಳ ಮುಂದೆ ಕೂತರೇ ಅವನ ಕಿವಿಯಿಂದ ಹಾರ್ನಿನ ಸದ್ದು ಇಳಿಯುವುದು.

“ನಲ್ಲಿ ನೀರಿಗೆ ಈಗ ಔಷಧಿ ಜಾಸ್ತಿ ಹಾಕ್ತಾರೆ ಸಾರ್, ಮೀನಿಗೆ ಆಗಲ್ಲ. ಸ್ವಲ್ಪ ಮಳೆನೀರು ಕೊಡ್ತೀರಾ?”

ಗೇಟಿನ ಬಳಿ ಎದುರುಮನೆಯವರು ನಿಂತು ನೋಡುತ್ತಿದ್ದರು. ಇಲ್ಲ ಎನ್ನಲು ಟ್ಯಾಂಕಣ್ಣನವರಿಗೆ ನಾಲಿಗೆ ಏಳಲಿಲ್ಲ. ಮನುಷ್ಯರು ಕುಡಿಯುವ ನೀರು ಮೀನಿಗೇನು ಮಾಡೀತು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು, ತಾವೇ ಬಗ್ಗಿ ಟ್ಯಾಂಕಿನ ಕೊಳಾಯಿ ತಿರುಗಿಸಿದರು. ಆ ದಿನ ಅಂಗಡಿಗೆ ಬಂದವರಿಗೆ ಟ್ಯಾಂಕಿನ ಪುರಾಣ ಕೇಳುವ ಯೋಗ ಬರಲಿಲ್ಲ.

ಮರುದಿನ ಡ್ರೈವರ್ ಮತ್ತೆ ಬಂದ. ಕಣ್ಣು ಊದಿತ್ತು.

“ಎರಡೇ ಉಳಿದಿವೆ ಸಾರ್, ಮಿಕ್ಕಿದ್ದೆಲ್ಲ ಹೋದ್ವು. ಅಮ್ಮ ಬಕೆಟ್ಟನ್ನ ಸೋಪು ಹಾಕಿ ತೊಳೆದುಬಿಟ್ಟಿದಾಳೆ. ಇಲ್ಲ ಅಂತಾಳೆ, ನಾನು ಕೇಳಲಿಲ್ಲ, ಬಾಯಿಗೆ ಬಂದ ಹಾಗೆ ಬೈದೆ. ಊಟ ಬಿಟ್ಟು ಕೂತಿದಾಳೆ. ಇದು ಹೊಸ ಬಕೆಟ್. ಇನ್ನೊಂದು ಸಲ ಕೊಡಿ, ಇವೆರಡಾದ್ರೂ ಉಳೀಲಿ.”

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವಳು ನಾಲ್ಕು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಡ್ರೈವರ್ ಆಗಲೇ ಬಕೆಟ್ಟನ್ನು ಕೊಳಾಯಿಯ ಕೆಳಗಿಟ್ಟಿದ್ದ.

ಟ್ಯಾಂಕು ಖಾಲಿಯಾಯಿತು ಎಂದುಬಿಟ್ಟರೆ ಮೀನೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು. ಆ ಮಾತು ಟ್ಯಾಂಕಣ್ಣನವರ ನಾಲಿಗೆ ತುದಿಗೆ ಬಂದಿತ್ತು ಕೂಡ. ಆದರೆ ಗೋಡೆಯಾಚೆ ಮಾಡದ ತಪ್ಪಿಗೆ ಬೈಸಿಕೊಂಡು ಹಸಿದು ಕೂತಿದ್ದ ಮುದುಕಿಗೆ ಅದರಿಂದ ಏನೂ ಸಿಗುತ್ತಿರಲಿಲ್ಲ. ನಾಚಿಕೆಯಿಂದ ಅವರ ಕಿವಿ ಕಾದುಹೋಯಿತು.

“ಹಿಡೀಬೇಡಪ್ಪ,” ಎಂದರು. “ಅದು ನಲ್ಲಿ ನೀರು. ನಿನ್ನೆ ಕೊಟ್ಟಿದ್ದೂ ಅದೇ.”

ಡ್ರೈವರ್ ಬೋರ್ಡಿನ ಕಡೆ ನೋಡಿದ, ಇವರ ಕಡೆ ನೋಡಿದ. ಕೂಗಾಡಲಿಲ್ಲ.

“ನಡೀರಿ, ಅಮ್ಮಂಗೆ ಹೇಳಿ” ಎಂದ.

ಟ್ಯಾಂಕಣ್ಣ ತಲೆ ತಗ್ಗಿಸಿ ಅವನ ಹಿಂದೆ ಹೋದರು. ಮುದುಕಿ ಗಾಜಿನ ತೊಟ್ಟಿಯ ಮುಂದೆ ಕೂತಿದ್ದವರು ಇವರನ್ನು ಕಂಡು ಗಡಿಬಿಡಿಯಿಂದ ಎದ್ದರು, ಕುರ್ಚಿ ಎಳೆದು ಸೆರಗಿನಿಂದ ಒರೆಸಿದರು. ಟ್ಯಾಂಕಣ್ಣ ಬಾಯಿ ತೆರೆಯುವ ಮೊದಲೇ ಆಕೆಯೇ ಕೈ ಮುಗಿದರು.

“ಇಂಥ ಕಾಲದಲ್ಲೂ ಒಳ್ಳೆ ನೀರು ಕೊಟ್ಟೆ ನೀನು. ಸೋಪು ಹಾಕಿದ್ದು ನನಗೆ ನೆನಪಿಲ್ಲ, ಆದ್ರೂ ಹಾಕಿರಬೇಕು. ನಾನೇ ಹಾಳು ಮಾಡಿಬಿಟ್ಟೆ. ಬೇಜಾರು ಮಾಡ್ಕೋಬೇಡ ಕಣಪ್ಪ.”