ಮಲ್ಲಿಗಮ್ಮನ ಮಂಡಿ

ವೈದ್ಯನಾಥಪುರದಲ್ಲಿ ನಮ್ಮ ಪಕ್ಕದ ಮನೆಯ ಮಲ್ಲಿಗಮ್ಮ ಸುಖವಾಗಿದ್ದ ಹೆಂಗಸು. ಎರಡು ಸೀಮೆಹಸು, ಮಾತು ಕೇಳುವ ಸೊಸೆ ಅರ್ಪಿತ, ಯಾರ ಮಾತೂ ಕೇಳದ ಗಂಡ ಪುಟ್ಟಸ್ವಾಮಿ. ಡೈರಿಗೆ ಹಾಲು ಹಾಕಿ ಬಂದರೆ ಜಗಲಿಯಲ್ಲಿ ಕಾಲು ಚಾಚಿ ಫೋನು ನೋಡುತ್ತಾ ನಗುತ್ತಿದ್ದಳು. ಆ ಫೋನಿನಲ್ಲೇ ಬಿಳಿ ಕೋಟಿನವನೊಬ್ಬ ಮಂಡಿನೋವಿನ ಎಣ್ಣೆ ಮಾರುತ್ತಿದ್ದ. ಮಲ್ಲಿಗಮ್ಮ ತರಿಸಿದಳು, ಹಚ್ಚಿಕೊಂಡಳು. ಬೆಳಗಾಗುವುದರೊಳಗೆ ಮಂಡಿಯೆಲ್ಲ ಬೊಬ್ಬೆ ಎದ್ದು ಚರ್ಮ ಸುಲಿದು ಬಂತು.

ಮದ್ದೂರಿನ ಆಸ್ಪತ್ರೆಗೆ ಅಲೆದು ಗಾಯವೇನೋ ಮಾಯುತ್ತಾ ಬಂತು ಅನ್ನಿ. ಆದರೆ ನಮ್ಮಲ್ಲಿ ಒಂದು ಹಾಳು ಪದ್ಧತಿಯಿದೆ. ಮೋಸ ಮಾಡಿದವನು ಎದೆಯುಬ್ಬಿಸಿ ತಿರುಗುತ್ತಾನೆ, ಮೋಸಹೋದವರು ತಲೆತಗ್ಗಿಸಬೇಕು! ಕೇಳಿದವರಿಗೆ ಬಚ್ಚಲಲ್ಲಿ ಜಾರಿಬಿದ್ದೆ ಅನ್ನಬೇಕು. ಇದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

"ಗ್ರಾಹಕರ ಸಹಾಯವಾಣಿಗೆ ದೂರು ಕೊಡಾನ ಅತ್ತೆ," ಎಂದಳು ಅರ್ಪಿತ.

ಪುಟ್ಟಸ್ವಾಮಿ ಸಿಡುಕಿದ. "ಸುಮ್ಕಿರವ್ವ! ಮುದ್ಕಿ ಫೋನ್ ನೋಡಿ ಕಾಲು ಸುಟ್ಕಂಡ್ಲು ಅಂತ ಊರೋರೆಲ್ಲ ಆಡ್ಕತಾರೆ. ಮನೆ ಮಾನ ಬೀದಿಗ್ ಆಕ್ಬೇಕಾ?"

"ನಾಚ್ಕೆ ಪಡಬೇಕಾದೋನು ಮಾರಿದೋನು, ಮಾವ. ನಾವು ಸುಮ್ಕಿದ್ರೆ ಇನ್ನೊಬ್ರ ಕಾಲು ಸುಡ್ತಾನೆ."

"ಸುಡ್ಲಿ ಬುಡು. ಊರ ಉಸಾಬರಿ ನಮ್ಗ್ಯಾಕೆ?"

ಮಲ್ಲಿಗಮ್ಮ ಸೀರೆ ಜಗ್ಗಿ ಮಂಡಿಯ ಪಟ್ಟಿ ಮುಚ್ಚಿಕೊಂಡಳು.

ಮರುದಿನ ಸಂಜೆ ಡೈರಿಯ ಸಾಲಿನಲ್ಲಿ ನಾನೂ ಇದ್ದೆ. ಕೋಲೂರಿಕೊಂಡು ಬಂದ ಚಿಕ್ಕಬೋರಮ್ಮನಿಗೆ ಹಿಗ್ಗೋ ಹಿಗ್ಗು. "ಮಲ್ಲಿಗಕ್ಕ, ಫೋನಲ್ಲಿ ಬತ್ತದಲ್ಲ ಮಂಡಿ ಎಣ್ಣೆ, ನಂಗೂ ಬಂತು ಕಣಕ್ಕ! ಇವತ್ತೇ ಅಚ್ಕತೀನಿ."

ಮಲ್ಲಿಗಮ್ಮನ ಮುಖ ಬಿಳಿಚಿಕೊಂಡಿತು. ಸೈಕಲ್ ಹಿಡಿದು ನಿಂತಿದ್ದ ಪುಟ್ಟಸ್ವಾಮಿ ಕಣ್ಣಲ್ಲೇ ಗದರಿಸಿದ. ಆಕೆ ಹಾಲಿನ ಕ್ಯಾನು ಕೆಳಗಿಟ್ಟು, ಎಲ್ಲರೆದುರು ಸೀರೆಯನ್ನು ಮಂಡಿಗೆತ್ತಿ ಪಟ್ಟಿ ಬಿಚ್ಚಿದಳು.

"ನೋಡು ಬೋರಮ್ಮ, ಅದೇ ಎಣ್ಣೆ ಮಾಡಿದ್ದು. ಬಚ್ಚಲಲ್ಲಿ ಬಿದ್ದೆ ಅಂದದ್ದು ಸುಳ್ಳು."

"ಲೇ, ಮುಚ್ಕಳೇ!"

"ಮುಚ್ಕಳಾಕಿಲ್ಲ ಓಗಯ್ಯ. ನನ್ ಮಾನ ಮಂಡೀಲಿಲ್ಲ."

ಚಿಕ್ಕಬೋರಮ್ಮ ಎದೆ ಹಿಡಿದುಕೊಂಡಳು. ಒಬ್ಬರೂ ನಗಲಿಲ್ಲ. ಸಾಲಿನ ಹಿಂದಿನಿಂದ ಪಟ್ಟಲಮ್ಮ ಅಳುತ್ತಾ ಮುಂದೆ ಬಂದು ತಾನೂ ಸೀರೆ ಎತ್ತಿದಳು. ಅಂಥದೇ ಗಾಯ, ಮಾಯ್ದು ಕಪ್ಪಾಗಿತ್ತು. "ಯುಗಾದಿಗೂ ಮುಂಚೇದು ಕಣಕ್ಕ. ನಾಚ್ಕೆಯಾಗಿ ಯಾರ್ಗೂ ಏಳ್ನಿಲ್ಲ."

"ಅಯ್ಯೋ ಪಾಪಿ! ಅವತ್ತೇ ಏಳಿದ್ರೆ ನನ್ ಚರ್ಮ ಉಳೀತಿತ್ತಲ್ಲೇ," ಎಂದು ಬೈದ ಮಲ್ಲಿಗಮ್ಮ ತನ್ನ ಸೆರಗಿನಿಂದಲೇ ಅವಳ ಕಣ್ಣೊರೆಸಿದಳು.

ಹಾಲು ಹಾಕಲು ಜೊತೆಗೆ ಬಂದಿದ್ದ ಅರ್ಪಿತ ನಿಂತಲ್ಲೇ ಸಹಾಯವಾಣಿಗೆ ಫೋನು ಮಾಡಿ ಅತ್ತೆಯ ಹೆಸರು ಬರೆಸಿದಳು. ಪಟ್ಟಲಮ್ಮನದನ್ನೂ ಬರೆಸಿದಳು. ಪುಟ್ಟಸ್ವಾಮಿ ಸೈಕಲ್ಲಿಗೆ ಸ್ಟ್ಯಾಂಡು ಹಾಕಿ, ತಲೆಯ ಮೇಲಿನ ಟವೆಲು ತೆಗೆದು ಸೊಸೆಯ ಬಳಿ ಬಂದ. ಬೋಳುತಲೆ ಬಿಸಿಲಿಗೆ ಮಿಂಚಿತು.

"ಅವ್ವ, ಕೂದ್ಲು ಬೆಳ್ಸೋ ಎಣ್ಣೇದೂ ಬರ್ಕತಾರಾ ಕೇಳು," ಎಂದ.