ನಾಲ್ಕನೇ ಸೀಡಿ

ಅನಂತಮೂರ್ತಿ ಸತ್ತು ಮಲಗಿದ್ದ ತಮ್ಮನ ಬಲಗೈ ಬೆರಳುಗಳನ್ನು ಒಂದೊಂದಾಗಿ ನೀವಿ ನೇರ ಮಾಡುತ್ತಿದ್ದರು. ಬಿಟ್ಟ ಕೂಡಲೇ ಅವು ಮತ್ತೆ ಬಾಗುತ್ತಿದ್ದವು. ಮೂರನೇ ಸಲಕ್ಕೆ ಅವರಿಗೆ ರೇಗಿತು.

"ಊರಿಗೆಲ್ಲ ಮದುವೆ ಕಾಗದ ಮಾಡಿ ಕೊಟ್ಟಂವ. ಸಾಯಕಾರೆ ಕೈಯಲ್ಲಿ ಎಂತ ಇತ್ತು? ಮೌಸು! ಬಾಯಿಗೆ ನೀರು ಬಿಡಲೂ ಒಬ್ಬರು ಹತ್ರ ಇತ್ತಿದ್ವಿಲ್ಲೆ."

ಕೊನೆಯ ಮಾತು ತನಗೇ ಎಂದು ದೇವಕಿಗೆ ಗೊತ್ತಾಯಿತು. ಅವಳ ಗಂಡ ವಿಘ್ನೇಶ್ವರ ಬೆಳಗಿನ ಐದಕ್ಕೆ ಎದ್ದು, ಮನೆಯ ಮುಂದಿನ ಕೋಣೆಯಲ್ಲಿದ್ದ ತನ್ನ ಡಿಟಿಪಿ ಅಂಗಡಿಯಲ್ಲಿ ಕಂಪ್ಯೂಟರಿನ ಎದುರು ಕೂತವನು. ಆರಕ್ಕೆ ಅವಳು ಚಹಾ ಒಯ್ಯುವಷ್ಟರಲ್ಲಿ ಕುರ್ಚಿಯಲ್ಲೇ ತಣ್ಣಗಾಗಿದ್ದ. ನಲವತ್ತಾರು ವಯಸ್ಸು. ಶಿರಸಿಯಲ್ಲಿ ಆ ಹೊತ್ತಿಗೆ ಕರೆಂಟು ತೆಗೆಯುವುದು ಕಡಿಮೆ ಎಂದು ಅವನು ಕಂಪ್ಯೂಟರ್ ಆಟಕ್ಕೆ ಅದೇ ಸಮಯ ಇಟ್ಟುಕೊಂಡಿದ್ದ.

ಪಕ್ಕದ ಮನೆಯ ಪರಿಮಳಾ ಹೆಂಗಸರ ನಡುವೆ ಕೂತು ದೇವಕಿಯ ಬೆನ್ನು ಸವರುತ್ತಿದ್ದಳು.

"ಪಾಪ, ಇದು ಎಷ್ಟು ಮುಗ್ಧೆ ಗೊತ್ತಿದ್ದಾ? ಆಯುಧಪೂಜೆ ದಿನ ಗಂಡನ ಆಟದ ಸೀಡಿಗೂ ಕುಂಕುಮ ಹಚ್ಚಿ ಪೂಜೆ ಮಾಡಿತ್ತಡ. ಸೀಡಿ ಹಾಳಾದ್ರೂ ವಿಘ್ನಣ್ಣ ಬೈದ್ನಿಲ್ಲೆ. ಅಂಗಡಿಗೆ ಬಂದವರಿಗೆಲ್ಲ ನಗ್ಯಾಡ್ತಾ ಹೇಳ್ತಿದ್ದ."

ಸಾವಿನ ಮನೆಯಲ್ಲೂ ನಾಲ್ಕು ಜನ ನಕ್ಕರು. ದೇವಕಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳು ಎಂದು ಎಲ್ಲರೂ ತಿಳಿದರು.

*

ಆ ಆಟ ಮನೆಗೆ ಬಂದು ಎರಡು ವರ್ಷದ ಮೇಲಾಗಿತ್ತು. ಯಲ್ಲಾಪುರದ ನಂದೊಳ್ಳಿಯಿಂದ ಚಿಕ್ಕಪ್ಪನ ಮಗ ಕಿಶೋರ ತಂದುಕೊಟ್ಟದ್ದು. ಒಟ್ಟು ನಾಲ್ಕು ಸೀಡಿ. ಅವನು ಮೊದಲೇ ಆಡಿ ಮುಗಿಸಿದ್ದ. "ಕೊನೆ ಮಾತ್ರ ಹೇಳಡ ಮಾರಾಯ, ಆನೇ ನೋಡ್ತಿ," ಎಂದು ವಿಘ್ನೇಶ್ವರ, ಕೊನೆ ಬಾಯಿಬಿಡದಂತೆ ಅವನಿಂದ ಆಣೆ ಹಾಕಿಸಿಕೊಂಡಿದ್ದ.

ವಿದೇಶದಲ್ಲಿ ನೂರಾರು ಜನ ಸೇರಿ ಕೋಟಿಗಟ್ಟಲೆ ಸುರಿದು ಮಾಡಿದ ಆಟವಂತೆ. ಕೋಟೆ, ಕಣಿವೆ, ಮಾತಾಡುವ ಮರ, ರೆಕ್ಕೆಯ ಹಾವು. 'ನಮ್ಮ ಜ್ಯೇಷ್ಠ ಪುತ್ರನ ವಿವಾಹ ಮಹೋತ್ಸವ'ವನ್ನು ಸಾವಿರ ಸಲ ಟೈಪು ಮಾಡಿ ಬೆನ್ನು ಬಗ್ಗಿದ ಮನುಷ್ಯ ಅಲ್ಲಿ ಕತ್ತಿ ಹಿಡಿದು ನೆಟ್ಟಗೆ ನಡೆಯುತ್ತಿದ್ದ. ಮೂರು ದಿನ ಹೋರಾಡಿ ಹಾವನ್ನು ಕೆಡವುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಆಗ ಅವನು ಕೀಬೋರ್ಡಿನ ಮೇಲೆ ಹಣೆಯಿಟ್ಟು ಕೂರುತ್ತಿದ್ದ. ಕರೆಂಟು ಬಂದರೆ ಮತ್ತೆ ಹಾವಿನ ಬುಡಕ್ಕೇ.

ಒಂದು ಬೆಳಿಗ್ಗೆ ಕೂಗಿದ್ದ, "ದೇವಕೀ, ಬಾರೆ ಇಲ್ಲಿ. ಹಿಮ ನೋಡು, ಹಿಮ!"

"ಕಾವಲಿ ಮೇಲೆ ದೋಸೆ ಇದ್ದು."

ಮತ್ತೆ ಅವನು ಕರೆಯಲಿಲ್ಲ. ಏನು ಕೇಳಿದರೂ "ಇದೊಂದು ಮುಗೀಲಿ" ಎನ್ನುತ್ತಿದ್ದ. ದೇವಕಿ ಅದಕ್ಕೂ ಹೊಂದಿಕೊಂಡಳು. ಮಕ್ಕಳಿಲ್ಲದ ಮನೆ, ಆಡಿಕೊಳ್ಳಲಿ ಎಂದುಕೊಂಡಳು.

ಆಯುಧಪೂಜೆಯ ಬೆಳಿಗ್ಗೆ ಅವನು ಫೋನಿನಲ್ಲಿ ಕಿಶೋರನಿಗೆ ಹೇಳುತ್ತಿದ್ದುದು ಅಡುಗೆಮನೆಗೆ ಕೇಳಿಸಿತು. "ಇವತ್ತು ನಾಕನೇ ಸೀಡಿ ಹಾಕ್ತಿ. ಇಷ್ಟು ಖುಷಿ ಯಂಗೆ ಜೀವಮಾನದಲ್ಲೇ ಯಾವತ್ತೂ ಆಗಿತ್ತಿಲ್ಲೆ."

ಜೀವಮಾನದಲ್ಲೇ. ಹದಿನೆಂಟು ವರ್ಷ ಒಟ್ಟಿಗೆ ಬದುಕಿದವಳಿಗೆ ಆ ಒಂದು ಪದ ಎದೆಗೆ ಚುಚ್ಚಿತು. ಅವನು ಹೂವು ತರಲು ಪೇಟೆಗೆ ಹೋದ. ಅವಳು ಕುಂಕುಮಕ್ಕೆ ಎಣ್ಣೆ ಕಲಸಿ, ಒಂದು ಚಿಟಿಕೆ ರಂಗೋಲಿ ಪುಡಿ ಸೇರಿಸಿ, ಆ ನಾಲ್ಕನೇ ಸೀಡಿಯ ಹೊಳೆಯುವ ಬದಿಯನ್ನು ಹೆಬ್ಬೆರಳಿನಿಂದ ಗಸಗಸ ತಿಕ್ಕಿದಳು. ಮೇಲೊಂದು ಹೂವಿಟ್ಟಳು.

ಅವನು ಬಂದು ಸೀಡಿಯನ್ನು ಎತ್ತಿ ತಿರುಗಿಸಿ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ನಗುವನ್ನು ಕಂಡು ಅವಳಿಗೆ ನಿಜ ಹೇಳುವ ಬಾಯಿ ಕಟ್ಟಿಹೋಯಿತು.

ಇನ್ನಾದರೂ ಬಿಡುತ್ತಾನೆ ಎಂದುಕೊಂಡಿದ್ದಳು. ಅವನು ಸೀಡಿಗೆ ಟೂತ್‌ಪೇಸ್ಟ್ ಹಚ್ಚಿ ಒರೆಸಿದ, ಬನಿಯನ್ನಿನಿಂದ ಉಜ್ಜಿದ; ಅದು ಓಡಲಿಲ್ಲ. ಕಂಪ್ಯೂಟರಿನದೇ ದೋಷವಿರಬಹುದೆಂದು ಆಟವನ್ನು ಅಳಿಸಿ ಮತ್ತೆ ಹಾಕಿದ. ಅದರ ಜೊತೆ ಎರಡು ವರ್ಷದ ದಾರಿಯೂ ಅಳಿಸಿಹೋಯಿತು. ನಿದ್ದೆಗೆಟ್ಟು, ಊಟ ಬಿಟ್ಟು, ಮೊದಲನೇ ಕೋಟೆಯಿಂದ ಪುನಃ ನಡೆಯತೊಡಗಿದ. ಅವಳು ನೋಡುತ್ತಿದ್ದಳು. ಸಾಯುವಾಗ ಅವನು ಎರಡನೇ ಸೀಡಿಯಲ್ಲಿದ್ದ.

*

ಹತ್ತೂವರೆಯ ಬಸ್ಸಿಗೆ ಕಿಶೋರ ಬಂದ. ಹೆಣದ ಕಾಲು ಮುಟ್ಟಿ, ಅಂಗಡಿ ಕೋಣೆಯ ಮೂಲೆಯಲ್ಲಿ ಕುಕ್ಕರಿಸಿದ. ದೇವಕಿ ದೀಪಕ್ಕೆ ಎಣ್ಣೆ ಒಯ್ಯುವ ನೆಪದಲ್ಲಿ ಅತ್ತ ಹೋದಳು. ಅವನ ಅಂಗಿಯ ಜೇಬಿನಲ್ಲಿ ಹೊಸ ಸೀಡಿಯ ಕವರು ಕಾಣುತ್ತಿತ್ತು. ಕೈಯಲ್ಲಿ ಹಳೆಯದನ್ನು ಹಿಡಿದು ಬೆಳಕಿಗೆ ತಿರುಗಿಸುತ್ತಿದ್ದ.

"ಆನು ನಿನ್ನೆ ಹುಬ್ಬಳ್ಳಿಗೆ ಹೋಗಿ ನಾಕನೇದು ಹುಡುಕಿ ತಂದಿ ಅತ್ತಿಗೆ. ಎರಡು ತಾಸಿನ ಆಟ ಉಳದಿತ್ತು, ಅಷ್ಟೆಯ. ಆಯುಧಪೂಜೆ ದಿನ ಮಧ್ಯಾಹ್ನದ ಊಟದೊಳಗೆ ಮುಗೀತಿತ್ತು."

"ಎರಡೇ ತಾಸಾ?"

"ಮುಗದ ಮೇಲೆ ಆಟ ತೆಗೆದುಹಾಕ್ತಿ ಹೇಳಿದ್ದ. 'ದೇವಕಿಗೆ ನಿಜವಾದ ಹಿಮ ತೋರ್ಸವು' ಹೇಳ್ತಿದ್ದ."

ಅವಳು ಎಣ್ಣೆಯ ಗಿಂಡಿಯನ್ನು ಕೆಳಗಿಟ್ಟಳು. ಕಿಶೋರ ತಲೆಯೆತ್ತಲಿಲ್ಲ.

"ಯಂಗೆ ಒಂದು ಅರ್ಥ ಆಗ್ತಿಲ್ಲೆ. ಅಂವ ನಂಬರು ಬರೆದ ಬದಿಗೆ ಒಂದು ಬೊಟ್ಟೂ ಇಲ್ಲೆ. ಕಂಪ್ಯೂಟರು ಓದೋ ಬದಿಗೆ ಮಾತ್ರ ಇಷ್ಟು ಗೀರು. ದೇವರ ಬೆನ್ನಿಗೆ ಯಾರಾದ್ರೂ ಕುಂಕುಮ ಹಚ್ತ್ವ?"

"ಯಂಗೆ ಇದೆಲ್ಲ ಎಂತ ಗೊತ್ತಾಗ್ತು?"

"ದಿನಾ ಬೆಳಿಗ್ಗೆ ಸುಪ್ರಭಾತದ ಸೀಡಿ ಹಾಕದು ನೀನೇ ಅಲ್ದಾ?"

ಹೊರಗಿನಿಂದ ಅನಂತಮೂರ್ತಿ ಕರೆದರು. ಕಿಶೋರ ಎದ್ದು ಹೋದ. ಇವನು ಹದಿನೈದು ಜನರೆದುರು ಬಾಯಿ ಬಿಟ್ಟರೆ ಇನ್ನು ಶಿರಸಿಯಲ್ಲಿ ತಲೆಯೆತ್ತಿ ನಡೆಯುವ ಹಾಗಿಲ್ಲ. ಅವಳ ಕಣ್ಣೆಲ್ಲ ಅವನ ತುಟಿಗಳ ಮೇಲೆಯೇ ಇತ್ತು. ಗಂಡನ ಮುಖವನ್ನು ಕೊನೆಯ ಸಲ ನೋಡಬೇಕೆಂಬುದೂ ಮರೆತುಹೋಯಿತು.

ಚಟ್ಟ ಸಿದ್ಧವಾಯಿತು. ಎತ್ತಲು ನಾಲ್ವರು ಬಗ್ಗಿದಾಗ ಕಿಶೋರ, "ಒಂದು ನಿಮಿಷ" ಎಂದ. ಮಂಡಿಯೂರಿ ಹೆಣದ ಬಲಗಿವಿಗೆ ಬಾಯಿ ಹಚ್ಚಿದ.

"ಎಂತ ಮಾಡ್ತ ಇಂವ?" ಎಂದರು ಯಾರೋ.

"ಸುಮ್ನಿರಿ. ಕರ್ಣಮಂತ್ರ ಹೇಳ್ತಿದ್ದ," ಎಂದರು ಅನಂತಮೂರ್ತಿ. ಸಾಯುವಾಗ ಕಿವಿಯಲ್ಲಿ ಮಂತ್ರ ಹೇಳುವವರಿಲ್ಲದೆ ತಮ್ಮ ಹೋದನೆಂಬ ಕೊರಗು ಅವರಿಗಿತ್ತು. "ತಡ ಆದ್ರೂ ಅಡ್ಡಿಲ್ಲೆ. ಹೇಳು ತಮಾ."

ತಲೆಯ ಹತ್ತಿರ ಕೂತಿದ್ದ ದೇವಕಿಗೆ ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು.

"ವಿಘ್ನಣ್ಣ, ಆಟದ ಕೊನೆ ಹೇಳ್ತಿ ಕೇಳು. ಆ ಕೊನೇ ಬಾಗಿಲ ಹಿಂದೆ ರಾಕ್ಷಸ ಇಲ್ಲೆ. ಶುರುವಿಂದ ನಿನ್ನ ಜೊತೆಗೇ ನಡ್ಕಂಡು ಬಂತಲ, ಗಾಯಕ್ಕೆ ಮದ್ದು ಹಚ್ಚೋ ಹೆಂಗಸು? ವಿಷ ಹಾಕಿದ್ದು ಅದೇಯ."

ಆಟದಲ್ಲಿ ನಿಜಕ್ಕೂ ಹಾಗಿತ್ತೋ, ಅವನು ಈಗಷ್ಟೇ ಕಟ್ಟಿದ್ದೋ ಅವಳಿಗೆ ತಿಳಿಯಲಿಲ್ಲ. ಇನ್ನು ಕೇಳುವಂತೆಯೂ ಇರಲಿಲ್ಲ.

ಸುತ್ತ ನಿಂತವರೆಲ್ಲ ಭಕ್ತಿಯಿಂದ ಕಣ್ಣು ಮುಚ್ಚಿದ್ದರು.

"ದೇವಕೀ, ಮಂತ್ರ ಹೇಳಕಾರೆ ಹಾಂಗೇ ಕೂರಲಾಗ," ಅನಂತಮೂರ್ತಿ ಮೆಲ್ಲಗೆ ಎಂದರು. "ಕೈ ಮುಗಿ."

ದೇವಕಿ ಕೈ ಮುಗಿದಳು.